ಹೆಸರಿಗಾಗಿ ಮೂರೆಲೆ ಆಟ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಹೊಳಗುಂದದಿಂದ ಆದೋನಿಗೆ ಬರುವ ಬಸ್ಸಿನಲ್ಲಿ ಕಂಡಕ್ಟರನಿಗೆ ಹೇಳಿದೆ, ಪಕ್ಕದ ಸೀಟಿನವರಿಗೆ ಹೇಳಿದೆ, ಅವರು ಇಳಿದ ಮೇಲೆ ಬಂದು ಕೂತವರಿಗೂ ಹೇಳಿದೆ. ಓದು ಕಡಿಮೆಯಾದವನು ನಾನು. ಸಂತೋಷವನ್ನು ಅಳೆದು ಸುರಿಯುವುದು ನನಗೆ ಬರುವುದಿಲ್ಲ.

ತೊಂದರೆಯಾದದ್ದು ಹೆಸರಿನಿಂದ. ಬೀಗರ ಮನೆಯಲ್ಲಿ ಸಂಜೆಗೆ ತೊಟ್ಟಿಲ ಶಾಸ್ತ್ರ. ನನಗೆ ನನ್ನ ತಾಯಿಯ ಹೆಸರು ಬಸಮ್ಮ ಬೇಕು. ನನ್ನ ಹೆಂಡತಿ ಗಂಗಮ್ಮನಿಗೆ ತನ್ನ ತಾಯಿಯ ಹೆಸರು ಗೌರಮ್ಮ ಬೇಕು. ಹತ್ತಿ ವ್ಯಾಪಾರದ ಬೀಗರು ವೀರೇಶಪ್ಪನವರಿಗೂ ಒಬ್ಬ ತಾಯಿ ಇದ್ದರಲ್ಲ. ಸೊಸೆ ಲತಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, "ಇಂಚರ ಅಂತ ಇಡೂಣ್ರಿ" ಎಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಮೂರೆಲಿ ಆಡೂಣು. ತೊಟ್ಟಿಲಿಗೆ ಕರಿಯೋ ಹೊತ್ತಿಗೆ ಯಾರ ಮುಂದ ಶೇಂಗಾ ಜಾಸ್ತಿ ಇರತಾವೋ ಅವರು ಹೇಳಿದ್ದ ಹೆಸರು" ಎಂದವನು ನಾನೇ. ಹಬ್ಬ ಬಂದರೆ ಎರಡೂ ಮನೆಯವರು ಶೇಂಗಾ ಒಡ್ಡಿ ಇಸ್ಪೀಟು ಆಡುವುದು ಮೊದಲಿನಿಂದಲೂ ಇದೆ. ಎಲೆ ಹೇಗೇ ಇರಲಿ, ಏರಿಸುತ್ತ ಹೋಗುವುದು ನನ್ನ ಆಟ. ಎದುರಿಗೆ ಒಬ್ಬನಿದ್ದರೆ ಹೆದರಿ ಎಲೆ ಮಗುಚುತ್ತಾನೆ. ಮೂವರಿದ್ದರೆ ಒಬ್ಬರಿಗಾದರೂ ಒಳ್ಳೆಯ ಎಲೆ ಬಿದ್ದಿರುತ್ತದೆ. ಆದ್ದರಿಂದ ಇನ್ನೂ ಜೋರಾಗಿ ಏರಿಸಬೇಕು ಎಂಬುದು ನನ್ನ ಸಿದ್ಧಾಂತ. ಈ ಸಿದ್ಧಾಂತದಿಂದ ಕಳೆದುಕೊಂಡ ಶೇಂಗಾವನ್ನೆಲ್ಲ ಗಾಣಕ್ಕೆ ಹಾಕಿಸಿದ್ದರೆ ವರ್ಷದ ಒಗ್ಗರಣೆಗೆ ಎಣ್ಣೆ ಬರುತ್ತಿತ್ತು.

ಮಗ ಜಾಣ, ಹೂವು ತರುವ ನೆಪ ಮಾಡಿ ಹೊರಗೆ ನಡೆದ. ಕೂಸನ್ನು ಎತ್ತಿಕೊಂಡ ಲತಾಳೂ ಸೇರಿ ನಾವು ನಾಲ್ವರು ಕೂತೆವು. ಕೊನೆಯದೆಂದು ಆಗ ಗೊತ್ತಿರದ ಆಟದಲ್ಲಿ ನನಗೆ ಹತ್ತರ ಜೋಡಿ ಬಿತ್ತು. ಹಿಡಿ ಹಿಡಿಯಾಗಿ ಏರಿಸಿದೆ.

"ಇವರದು ಯಾವಾಗಲೂ ಇದಾ" ಎಂದು ಗಂಗಮ್ಮ ಎಲೆ ಮಗುಚಿದಳು. ಆಕೆಯ ಅರ್ಧ ಶೇಂಗಾ ಆಗಲೇ ಹೊಟ್ಟೆ ಸೇರಿತ್ತು.

"ಈ ದರಕ್ಕ ವದ್ದು, ನಮಗ ಬ್ಯಾಡ ಬೀಗಾ" ಎಂದು ಪೇಟೆಯ ತೆಲುಗು ಬೆರೆಸಿ ವೀರೇಶಪ್ಪನವರೂ ಬಿಟ್ಟರು.

ಉಳಿದವಳು ಲತಾ. ಕೂಸಿನ ಬೆನ್ನು ತಟ್ಟುತ್ತಲೇ ತನ್ನ ಮುಂದಿನ ಗುಡ್ಡೆಯನ್ನೆಲ್ಲ ನಡುವಿಗೆ ನೂಕಿದಳು. ಮುಖದಲ್ಲಿ ಏನೂ ಇಲ್ಲ. ಬಾಣಂತಿ ಸುಳ್ಳು ಆಡಿಯಾಳೇ ಎಂದುಕೊಂಡೆ. ಉಳಿದ ಶೇಂಗಾದಲ್ಲಿ ಮುಂದಿನ ಆಟ ಗೆದ್ದರಾಯಿತೆಂದು ಜೋಡಿ ಮಗುಚಿದೆ. ನಡುವಿನ ಶೇಂಗಾವೆಲ್ಲ ಲತಾಳ ಮುಂದೆ ಸೇರಿ ಎಲ್ಲರಿಗಿಂತ ದೊಡ್ಡ ಗುಡ್ಡೆಯಾಯಿತು. ಅಷ್ಟರಲ್ಲಿ ಬೀಗತಿ ಒಳಗಿನಿಂದ, "ತೊಟ್ಟಿಲ ಸಿದ್ಧ ಆತು, ಏಳ್ರಿ" ಎಂದರು.

ಕೂಸಿನ ಸೋದರತ್ತೆ, ನನ್ನ ಮಗಳು, ಅದರ ಕಿವಿಯಲ್ಲಿ ಹೆಸರು ಊದಿದಳು: ಇಂಚರ.

ರಾತ್ರಿ ಎಲ್ಲರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತಾಗ ತಡೆಯಲಾರದೆ ಕೇಳಿದೆ, "ನಿನಗ ಏನು ಬಿದ್ದಿತ್ತವ್ವಾ?"

"ಎರಡು, ಐದು, ಒಂಬತ್ತು. ಜೋಡಿನೂ ಇಲ್ಲ, ರಂಗೂ ಇಲ್ಲ ಮಾವಾ."

"ಮತ್ತ ಎಲ್ಲಾ ಯಾಕ ನೂಕಿದಿ?"

"ಅವರಿಬ್ಬರನ್ನ ನೀವಾ ಎಬ್ಬಿಸಿದ್ರಿ. ಉಳಿದವರು ನೀವೊಬ್ಬರು. ಹೆತ್ತಾಕಿ ನಾನು, ಹೆಸರಿಡಾಕ ಎಲಿ ಯಾಕ ಬೇಕ್ರಿ?"

ಬೀಗರಿಗೆ ನಗುವಿನಲ್ಲಿ ಹೋಳಿಗೆ ನೆತ್ತಿಗೇರಿತು. ಮಗ ನೀರು ಕೊಡಲು ಹೋಗಿ ಚೆಲ್ಲಿದ. ಗಂಗಮ್ಮ ತೊಟ್ಟಿಲ ಕಡೆ ತಿರುಗಿ, "ಕೇಳಿದೇನ ಇಂಚರಾ, ನಿಮ್ಮಜ್ಜ ಹತ್ತರ ಜೋಡಿ ಬಿಟ್ಟು ಎದ್ದಾನ" ಎಂದಳು.

ಹೆಸರಿಟ್ಟ ಮೇಲೆ ನನ್ನ ಮೊಮ್ಮಗಳು ಕೇಳಿದ ಮೊದಲ ಸುದ್ದಿ ಅದು. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.