ಗಾಣದ ಅಕ್ಕನ ಪುಟ್ಟ ಚಿತ್ರ

ನನ್ನ ಕಸುಬಿನಲ್ಲಿ ನಗೋಕೆ ಬೇರೆ ಏನೂ ಬೇಡ ಕಣ್ರೀ, ಗಿರಾಕಿಗಳು ಬಂದರೆ ಸಾಕು. ತಿಪಟೂರಿನಲ್ಲಿ ಟೈರ್ ಅಂಗಡಿ ಮೇಲಿನ ಕೋಣೆಯಲ್ಲಿ ಕೂತು ವ್ಯಾಪಾರಸ್ಥರಿಗೆ ವೆಬ್‌ಸೈಟ್ ಮಾಡಿಕೊಡ್ತೀನಿ. ಸೈಟ್ ತೆರೆದಾಗ ಮೇಲೆ ಹೆಸರಿನ ಪಕ್ಕ ಪುಟ್ಟ ಚಿತ್ರವೊಂದು ಕೂತಿರುತ್ತಲ್ಲ, ಫೇವಿಕಾನ್, ನನ್ನ ಪಾಡೆಲ್ಲ ಅದರಿಂದಲೇ. ಹೋದ ವರ್ಷ, ವರ್ಷ ಮುಗಿಯೋದ್ರೊಳಗೆ ನನ್ನ ಅಂಗಡಿ ಕುದುರದಿದ್ರೆ ಬಾಗಿಲು ಹಾಕ್ತೀನಿ ಅಂತ ಮನೆಯಲ್ಲಿ ಮಾತು ಬೇರೆ ಕೊಟ್ಟಿದ್ದೆ.

೧. ಅಪ್ಪನ ಪೇಟ

ಕೊಬ್ಬರಿ ಮಂಡಿಯ ಯಜಮಾನರಿಗೆ ಆ ಚಿತ್ರದಲ್ಲಿ ಮನೆದೇವರು, ಮಂಡಿ ಹೆಸರು, ಫೋನ್ ನಂಬರು, ತೀರಿಹೋದ ಅಪ್ಪನ ಫೋಟೋ, ಎಲ್ಲಾ ಬೇಕು!

"ಸಾಸಿವೆಯಷ್ಟು ಜಾಗ ಯಜಮಾನ್ರೇ."

"ಹಂಗಾರೆ ಅಪ್ಪಂದೊಂದೇ ಹಾಕು."

ಹಾಕಿದೆ. ಕನ್ನಡಕ ಏರಿಸಿ, ಇಳಿಸಿ, ಪರದೆಗೆ ಮೂಗು ತಾಗಿಸಿ ನೋಡಿದರು. ಪೇಟವೂ ಇಲ್ಲ, ಮೀಸೆಯೂ ಇಲ್ಲ, ಬರೀ ಒಂದು ಚುಕ್ಕೆ. ಬೈಗುಳಕ್ಕೆ ಸಿದ್ಧಳಾಗಿ ನಿಂತೆ.

"ಇರ್ಲಿ ಬುಡಮ್ಮ. ಅಪ್ಪ ಇದ್ದಾಗ್ಲೂ ಹಿಂಗೇಯ, ಮೂಲೇಲಿ ಕೂತು ಯಾರಿಗೂ ಮುಖ ತೋರಿಸ್ತಿರ್ಲಿಲ್ಲ."

೨. ತಪ್ಪಿಸಿಕೊಂಡ ಕುರಿ

ಹುಳಿಯಾರು ಕಡೆಯ ಕಂಬಳಿ ವ್ಯಾಪಾರಿಗೆ ಫೇವಿಕಾನ್ ಅಂದ್ರೇನು ಅಂತ ಗಂಟಲು ಒಣಗೋವರೆಗೂ ಹೇಳಿದೆ. "ಕುರಿ ಬೆನ್ನಿಗೆ ಬಳಿಯೋ ಬಣ್ಣದ ಗುರುತು ಅನ್ನಮ್ಮ, ಮುಗೀತು!" ಅಂದ. ಅವನ ಮಂದೆಯ ಕೆಂಪು ಗೀಟನ್ನೇ ಹಾಕಿಕೊಟ್ಟೆ.

ವಾರದೊಳಗೆ ಫೋನು. "ನಮ್ ಗುರುತು ಇನ್ಯಾರದ್ದೋ ಸೈಟ್ ಮೇಲೈತೆ! ಯಾವೂರೋರು ಅವ್ರು?"

"ದಿಲ್ಲಿಯೋರು ಅನ್ಸುತ್ತೆ."

"ನಮ್ ಗುರುತಿದ್ಮೇಲೆ ನಮ್ ಕುರಿನೇ, ಹಿಡ್ಕೊಂಡು ಬರಾನ ನಡಿ. ಹುಳಿಯಾರಿಂದ ಬಸ್ಸೈತಾ?"

ಪಕ್ಕದಲ್ಲೊಂದು ನೀಲಿ ಗೀಟು ಎಳೆದು ಸಮಾಧಾನ ಮಾಡಿದೆ.

೩. ಜುಟ್ಟಿನ ಕಾಯಿ

ಮಾಯಸಂದ್ರದ ಹತ್ತಿರ ಗಾಣ ಹಾಕಿ ಕೊಬ್ಬರಿ ಎಣ್ಣೆ ತೆಗೆಯೋ ಅಕ್ಕ ಒಬ್ಬರಿದ್ದಾರೆ. ಆ ವರ್ಷದ ನನ್ನ ಕೊನೇ ಗಿರಾಕಿ ಅವರೇ. ಗುಂಡಗೆ ತೆಂಗಿನಕಾಯಿ ಬರೆದು ತೋರಿಸಿದೆ.

"ಅಯ್ಯೋ, ಜುಟ್ಟಿಲ್ಲದ ಕಾಯಿ ಯಾವ ಶುಭಕಾರ್ಯಕ್ಕೆ ಬತ್ತದೆ ಕಣೇ? ಜುಟ್ಟು ಹಾಕು!"

ಹಾಕಿದೆ. ಚಿಕ್ಕದಾದ ಮೇಲೆ ಹೇಗೆ ಕಾಣುತ್ತೆ ಅಂತ ನೋಡದೆ ಸೈಟಿಗೆ ಏರಿಸಿಬಿಟ್ಟೆ. ಮಾರನೇ ದಿನ ಸೈಟ್ ತೆರೆದು ನೋಡ್ತೀನಿ, ಕಪ್ಪು ಗುಂಡು, ಮೇಲೊಂದು ಬತ್ತಿ. ಸಾಕ್ಷಾತ್ ಬಾಂಬು! ಅಷ್ಟರಲ್ಲಿ ಅಕ್ಕನ ಫೋನು: "ಈಗಲೇ ಹೊರಟು ಬಾ."

ಬಸ್ಸಿನುದ್ದಕ್ಕೂ ಕ್ಷಮೆ ಕೇಳೋದನ್ನ ಅಭ್ಯಾಸ ಮಾಡಿದೆ. ನನ್ನ ಅಂಗಡಿ ಕಥೆ ಮುಗೀತು ಅಂದುಕೊಂಡೆ. ಹೋದರೆ ಅಕ್ಕ ಕೈಗೆ ಬಿಸಿ ಅಕ್ಕಿರೊಟ್ಟಿ ಇಟ್ಟರು.

"ಮೈಸೂರಿನ ಅಂಗಡಿಯೋನು ಫೋನ್ ಮಾಡಿದ್ದ ಕಣೇ. ಎಣ್ಣೆಯೋರ ಸೈಟ್‌ಗಳ್ನೆಲ್ಲ ಕಂಪ್ಯೂಟರಲ್ಲಿ ಒಟ್ಟಿಗೆ ತೆಗೆದಿಟ್ಟಿದ್ನಂತೆ. ಎಲ್ಲಾದಕ್ಕೂ ಹಸಿರು ಎಲೆ, ನಮ್ದೊಂದಕ್ಕೇ ಬಾಂಬು! ಅದನ್ನೇ ಒತ್ತಿದ್ನಂತೆ. ಇನ್ಮೇಲೆ ತಿಂಗಳಾ ತಿಂಗಳಾ ನಮ್ಮೆಣ್ಣೇನೇ ಬೇಕಂತೆ."

"ಸರಿ ಮಾಡಿಕೊಡ್ತೀನಿ ಅಕ್ಕ..."

"ಮುಟ್ಟಿದ್ರೆ ನೋಡು ಮತ್ತೆ!"

ಕಣ್ಣು ತುಂಬಿ ಬಂತು. ಅಷ್ಟಕ್ಕೇ ನಿಲ್ಲಲಿಲ್ಲ ಆ ತಾಯಿ, ಕಂಡಕಂಡವರಿಗೆಲ್ಲ ನನ್ನ ಅಂಗಡಿಯ ದಾರಿ ಹೇಳಿದರು. ಇವತ್ತು ನನ್ನ ಬಾಗಿಲು ತೆರೆದಿದೆ ಅಂದ್ರೆ ಅವರ ಪುಣ್ಯ, ಆ ಋಣ ತೀರಿಸೋಕಾಗಲ್ಲ.

ಅವರು ಕಳಿಸಿದ ಮೊದಲನೆಯವನು ಹಿಟ್ಟಿನ ಮಿಲ್ಲಿನವನು. ಟೈರ್ ಅಂಗಡಿ ಮುಂದೆ ಜನರ ಮಧ್ಯೆ ನಿಂತು, ಮೇಲೆ ನೋಡಿ, ಬೀದಿಗೆಲ್ಲ ಕೇಳೋ ಹಾಗೆ ಕೂಗಿದ:

"ಮಾಯಸಂದ್ರದ ಗಾಣಕ್ಕೆ ಬಾಂಬ್ ಇಟ್ಟೋರು ನೀವೇನಾ ಮೇಡಂ? ನಮ್ ಮಿಲ್ಲಿಗೂ ಒಂದು ಇಡ್ರೀ!"