ಫಕೀರಪ್ಪನವರ ಜಗಳದ ಚಾರ್ಜರ್

ಫಕೀರಪ್ಪನವರು ಕಾರಿನ ಮುಂದೆ ಕೈಕಟ್ಟಿ ನಿಂತು, "ನೀಲಾ, ಇನ್ನ ಮ್ಯಾಲೆ ಯಾ ಗ್ಯಾರೇಜಿನವನ ಕಾಲೂ ಹಿಡಿಯೋದು ಬ್ಯಾಡ" ಎಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಅವರು ಹೊಸದೇನಾದರೂ ತಯಾರಿಸಿದಾಗಲೆಲ್ಲ ಹೀಗೇ ನಿಲ್ಲುತ್ತಿದ್ದರು. ಹೆಂಡತಿ ನೀಲವ್ವ ಸೆರಗು ಸಿಕ್ಕಿಸಿಕೊಂಡು ಹತ್ತಿರ ಬಂದಳು.

ಕಾರು ಕೆಲವು ದಿನಗಳಿಂದ ಬೆಳಿಗ್ಗೆ ಏಳುತ್ತಲೇ ಇರಲಿಲ್ಲ. ಹುಬ್ಬಳ್ಳಿಯ ಒಂದು ಗ್ಯಾರೇಜಿನವನು ಬ್ಯಾಟರಿ ಸತ್ತಿದೆ ಎಂದು ಹೊಸದು ಹಾಕಿದ; ಅದೂ ಸತ್ತಿತು. ಇನ್ನೊಬ್ಬ, ಬ್ಯಾಟರಿ ಸರಿಯಿದೆ, ಡೈನಮೋ ಹೋಗಿದೆ ಎಂದ. ಮತ್ತೊಬ್ಬ ಬಾನೆಟ್ ಎತ್ತದೆಯೇ, ಮಾರುವುದಾದರೆ ತಾನೇ ಕೊಳ್ಳುತ್ತೇನೆ ಎಂದ.

ಈಗ ಡ್ಯಾಶ್‌ಬೋರ್ಡಿನ ಮೇಲೆ ಹಿತ್ತಾಳೆಯ ತುತ್ತೂರಿಯೊಂದು ಕೂತಿತ್ತು.

"ಮನಷ್ಯಾನ ದನಿಯೊಳಗ ಶಕ್ತಿ ಇರತೈತಿ. ಇದು ಅದನ್ನ ಹಿಡದು ಬ್ಯಾಟರಿಗೆ ತುಂಬತೈತಿ. ತುಂಬಿದ ಕೂಡ್ಲೆ ಇಂಜಿನ್ ತಾನ ಚಾಲೂ ಆಗತೈತಿ. ಮಾತಾಡು."

"ಏನ್ ಮಾತಾಡ್ಲಿ?"

ತುತ್ತೂರಿಗೆ ಜೋಡಿಸಿದ್ದ ಮೀಟರಿನ ಮುಳ್ಳು ಅಲುಗಲಿಲ್ಲ. ಫಕೀರಪ್ಪನವರು ಯೋಚಿಸಿ, "ನಿಮ್ಮಣ್ಣ ಕೊಟ್ಟ ಮಿಕ್ಸರ್ ಬಿಚ್ಚಿ ಇದನ್ನ ಮಾಡೀನಿ" ಎಂದರು.

ನೀಲವ್ವನ ಉತ್ತರ ಅರ್ಧಕ್ಕೆ ಬರುವಷ್ಟರಲ್ಲಿ ಇಂಜಿನ್ ಚಾಲೂ ಆಯಿತು.

ಆ ದಿನವೇ ಅವರಿಬ್ಬರೂ ಅಣ್ಣಿಗೇರಿಗೆ, ಮಗಳು ಅನ್ನಪೂರ್ಣಳಿಗೆ ಗೊತ್ತಾಗಲಿದ್ದ ವರನ ಮನೆ ನೋಡಲು ಹೋಗಬೇಕಿತ್ತು. ಎರಡು ಸಂಬಂಧ ತಪ್ಪಿಹೋದ ಮೇಲೆ ಬಂದದ್ದು ಇದು. ಬಸ್ಸಿಗೆ ಹೋಗೋಣವೆಂದ ನೀಲವ್ವನ ಮಾತನ್ನು ಕೇಳಿದವರಿಲ್ಲ. ದಾರಿಯಲ್ಲಿ ಮಾತು ನಿಂತರೆ ಕಾರೂ ನಿಲ್ಲುತ್ತಿತ್ತು. ನೀಲವ್ವ ತಮ್ಮ ಮದುವೆಯ ಊಟದಲ್ಲಿ ತನ್ನ ತವರಿನವರಿಗೆ ತುಪ್ಪ ಬಡಿಸದ ಸಂಗತಿಯಿಂದ ಶುರುಮಾಡಿದಳು. ಹೇಳುತ್ತ ಹೇಳುತ್ತ ಮನಸ್ಸು ಹಗುರಾಗಿದ್ದೂ ನಿಜ. ಅಣ್ಣಿಗೇರಿ ಬಂದಾಗ ಇನ್ನೂ ನಾದಿನಿಯ ಪಾಳಿ ಬಂದಿರಲಿಲ್ಲ.

ವರನ ತಾಯಿ ಬಸಲಿಂಗವ್ವ ಅವಲಕ್ಕಿ, ಚಹಾ ಕೊಟ್ಟು ಉಪಚರಿಸಿದರು. ಎಲ್ಲ ಸುಸೂತ್ರವಾಗಿತ್ತು. ಕೊನೆಗೆ ಅವರು, "ಮದುವಿ ನಮ್ಮೂರಾಗ ಆಗ್ಲಿ" ಎಂದರು.

"ಹೆಣ್ಣಿನವರ ಮನಿ ಮುಂದ ಆಗೋದು ಪದ್ಧತಿರಿ" ಎಂದಳು ನೀಲವ್ವ.

"ಪದ್ಧತಿ ನಮಗೂ ಗೊತ್ತೈತಿ."

ದನಿಗಳು ಏರಿದವು. ಅಂಗಳದಲ್ಲಿ ಗೇರಿನಲ್ಲೇ ಬಿಟ್ಟಿದ್ದ ಕಾರು ಒಮ್ಮೆ ಕೆಮ್ಮಿ, ಯಾರೂ ಇಲ್ಲದೆ ಓಣಿಗಿಳಿಯಿತು.

"ಹಿಡೀರಿ! ಹಿಡೀರಿ!" ಎಂದು ಫಕೀರಪ್ಪನವರು ಓಡಿದರು. ಓಣಿಯವರೆಲ್ಲ ಕೂಗುತ್ತ ಬೆನ್ನುಹತ್ತಿದರು. ಕೂಗಿದಷ್ಟೂ ಕಾರಿನ ವೇಗ ಹೆಚ್ಚಿತು. ಎಮ್ಮೆಯೊಂದು ದಾರಿ ಬಿಟ್ಟಿತು.

ನೀಲವ್ವನಿಗೆ ತಟ್ಟನೆ ತಿಳಿಯಿತು. ಓಡಿಹೋಗಿ ಗಂಡನ ಬಾಯಿಗೆ ಸೆರಗು ಒತ್ತಿ, "ಯಾರೂ ದನಿ ತಗೀಬ್ಯಾಡ್ರಿ" ಎಂದು ಪಿಸುಗುಟ್ಟಿದಳು. ಮಾತು ಕಿವಿಯಿಂದ ಕಿವಿಗೆ ಹೋಯಿತು. ಓಣಿ ಗಪ್ಪಾಯಿತು. ಕಾರು ನಿಧಾನಿಸಿ, ಓಣಿಯ ತುದಿಯ ಗ್ಯಾರೇಜಿನ ಮುಂದೆ ನಿಂತಿತು.

ಗ್ಯಾರೇಜಿನವನು ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದ. "ಏನಾಗೇತೋ ನನಗ ತಿಳೀವಲ್ದು" ಎಂದ.

ಫಕೀರಪ್ಪನವರು ಅವನ ಎರಡೂ ಕೈ ಹಿಡಿದುಕೊಂಡರು. ತನಗೆ ತಿಳಿಯದೆಂದು ಒಪ್ಪುವ ಗ್ಯಾರೇಜಿನವನಿಗಾಗಿ ಅವರು ಇಡೀ ಹುಬ್ಬಳ್ಳಿ ಸುತ್ತಿದ್ದರು. ರಿಪೇರಿಗೆಂದು ಕೀಲಿಕೈ ಅಲ್ಲೇ ಕೊಟ್ಟುಬಿಟ್ಟರು.

ಬಸಲಿಂಗವ್ವ ಏದುಸಿರು ಬಿಡುತ್ತ ಬಂದು, "ಬೀಗತಿ, ಮದುವಿ ಎಲ್ಲೇ ಆಗ್ಲಿ, ಮೆರವಣಿಗಿಗೆ ಈ ಕಾರ್ ಬ್ಯಾಡ" ಎಂದು ಮೆಲ್ಲಗೆ ಹೇಳಿದರು. ಬೀಗತಿ ಎಂಬ ಮಾತು ನೀಲವ್ವನ ಕಿವಿಗೆ ತಂಪಾಗಿ ಬಿತ್ತು.

ಗಂಡಹೆಂಡಿರು ಬಸ್ಸಿನಲ್ಲಿ ಹಿಂದಿರುಗಿದರು. ಊರು ಬರುವವರೆಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ. ಆದರೂ ಬಸ್ಸು ಓಡಿತು.