ಏನೂ ಆಗದ ನನ್ನ ಮೊಣಕಾಲು

ನಮ್ಮ ರಾಜಾನುಕುಂಟೆ ರಸ್ತೇಲಿ ದಿನಾ ಯಾರಿಗಾದ್ರೂ ಒಂದು ಗಾಡಿ ಗುದ್ದುತ್ತೆ, ಅದರಲ್ಲಿ ಹೊಸದೇನಿಲ್ಲ. ಗಾಡಿಯಾದ್ರೆ ಒಂದೇ ಸಲ ಗುದ್ದಿ ಸುಮ್ಮನಾಗುತ್ತೆ. ಆಮೇಲೆ ಕುರ್ಚಿ ಮೇಲೆ ಕೂತವರು ಒಬ್ಬೊಬ್ಬರಾಗಿ ಗುದ್ದೋಕೆ ಶುರು ಮಾಡ್ತಾರೆ.

ತಲೆ ಮೇಲೆ ಸೊಪ್ಪಿನ ಮಂಕರಿ ಹೊತ್ತು ಲೇಔಟೆಲ್ಲಾ ಸುತ್ತಿ ಮಾರ್ತಿದ್ದೋಳು ನಾನು. ಒಂದು ಬೆಳಗ್ಗೆ ರಸ್ತೆ ಅಂಚಲ್ಲಿ ಮಂಕರಿ ಇಳಿಸಿ ದಂಟಿನ ಸೊಪ್ಪಿಗೆ ನೀರು ಚಿಮುಕಿಸ್ತಿದ್ದೆ. ನೀರಿನ ಟ್ಯಾಂಕರೊಂದು ರಿವರ್ಸು ಬಂದು ಕೆಡವಿತು. ಬಲ ಮೊಣಕಾಲು ಪುಡಿ. ಆಸ್ಪತ್ರೆಯವರು ರಾಡು ಕೂರಿಸಿ ಕಳಿಸಿದರು. ಅವತ್ತಿನಿಂದ ಆ ಕಾಲು ಮಡಚಲ್ಲ, ಮಂಕರಿ ತಲೆಗೇರಿಲ್ಲ. ಪರಿಹಾರ ಬೇಕಿತ್ತು, ನಿಜ. ಅದಕ್ಕಿಂತ ಮುಂಚೆ, "ತಪ್ಪು ನಿನ್ನದಲ್ಲ ಕಣಮ್ಮ, ನಿನ್ನ ಕಾಲು ಹೋಗಿದ್ದು ನಿಜ" ಅಂತ ಒಬ್ಬರಾದ್ರೂ ಬಾಯ್ಬಿಟ್ಟು ಹೇಳ್ಬೇಕಿತ್ತು.

ಅರಳಿಕಟ್ಟೆ ತೀರ್ಮಾನ

ಟ್ಯಾಂಕರಿನ ಯಜಮಾನ ನಮ್ಮೂರಿನವನೇ. ಅಪ್ಪನ ರಾಗಿ ಹೊಲವನ್ನ ಸೈಟು ಮಾಡಿ ಮಾರಿ, ಉಳಿದ ಚೂರಲ್ಲಿ ಬೋರ್ ಕೊರೆಸಿ, ಅಪಾರ್ಟ್‌ಮೆಂಟುಗಳಿಗೆ ನೀರು ಮಾರ್ತಾನೆ. ನಾನಿನ್ನೂ ಆಸ್ಪತ್ರೇಲಿದ್ದಾಗಲೇ ಮೋಸಂಬಿ ಹಿಡ್ಕೊಂಡು ನೋಡೋಕೆ ಬಂದ.

"ದೊಡ್ಡಮ್ಮ, ಪೊಲೀಸು ಗಿಲೀಸು ಅಂತ ಓಗ್ಬ್ಯಾಡ. ಒಂದೇ ಊರೋರು ನಾವು. ಕಟ್ಟೇಲಿ ಕೂತು ತೀರ್ಮಾನ ಮಾಡ್ಕೊಳ್ಳಣ."

ನಾನೂ ಒಪ್ಪಿದೆ. ಊರಿನ ಮಗನನ್ನ ಸ್ಟೇಷನ್ನಿಗೆ ಎಳೆಯೋದು ನಮ್ಮಲ್ಲಿ ಇಲ್ಲ. ಹಿರೀಕರು ಅರಳಿಕಟ್ಟೆ ಮೇಲೆ ಕೂತು, ನಾನು ಬದುಕಿರೋವರೆಗೂ ವಾರಕ್ಕೊಂದು ಟ್ಯಾಂಕರ್ ನೀರು ಬಿಟ್ಟಿ ಕೊಡ್ಬೇಕು ಅಂತ ಹೇಳಿದರು. ಬಂದಿದ್ದು ಅದೇ ಟ್ಯಾಂಕರು, ಅದೇ ಡ್ರೈವರು. ನಮ್ಮ ಸಂದಿಗೂ ರಿವರ್ಸಲ್ಲೇ ಬರ್ತಿದ್ದ. ಬಾಗಿಲಲ್ಲಿ ಕಾಲು ಚಾಚಿ ಕೂತ ನನ್ನ ಕಂಡು ಹಾರನ್ ಒತ್ತೋನು, "ಅಜ್ಜೀ, ಕಾಲು ಕಾಲು!"

ಬೇಸಿಗೆ ಬಂತು. ನೀರಿಗೆ ಬೆಲೆ ಬಂತು, ನನ್ನ ಕಾಲಿಗೆ ಬೆಲೆ ಹೋಯ್ತು. "ಬೋರು ಬತ್ತೋಯ್ತು ದೊಡ್ಡಮ್ಮ" ಅಂದ. ಅವನು ಹಾಗಂದ ದಿನವೇ ಟ್ಯಾಂಕರು ನಮ್ಮ ಬಾಗಿಲ ಮುಂದೆ ನೀರು ತುಳುಕಿಸ್ಕೊಂಡು ಹೋಯ್ತು. ನನ್ನ ಸೊಸೆ ಅಲ್ಲೇ ಚಪ್ಪಲಿ ಮೆಟ್ಟಿ, ನನ್ನನ್ನ ಆಟೋಗೆ ಹತ್ತಿಸಿ ಸ್ಟೇಷನ್ನಿಗೆ ಕರ್ಕೊಂಡು ಹೋದಳು.

"ಆಕ್ಸಿಡೆಂಟ್ ಆಗಿ ಇಷ್ಟು ತಿಂಗಳಾಯ್ತು, ಇಲ್ಲೀವರೆಗೂ ಏನ್ ಮಾಡ್ತಿದ್ರಿ?" ಅಂದರು ಪೊಲೀಸರು.

ಸೊಸೆ ಅಂದಳು, "ನೀರು ಹಿಡೀತಿದ್ವಿ ಸಾರ್."

ಮಹಡಿ ಮೇಲಿನ ನ್ಯಾಯ

ಅಂತೂ ಕೇಸು ಬರೆದುಕೊಂಡರು, ನಮಗೊಬ್ಬ ಲಾಯರೂ ಸಿಕ್ಕರು. ಟ್ಯಾಂಕರಿಗೆ ಇನ್ಶೂರೆನ್ಸ್ ಇತ್ತು. ಕೋರ್ಟು ಹೇಳಿದ್ರೆ ಪರಿಹಾರ ಕೊಡೋದು ಆ ಕಂಪನಿ. ಕೈಕಾಲು ಮುರಿದವರಿಗೇ ಅಂತ ಇರೋ ಆ ಕೋರ್ಟು ಮಹಡಿ ಮೇಲೆ. ಲಿಫ್ಟಿಗೂ ಏನೋ ಆಕ್ಸಿಡೆಂಟ್ ಆಗಿತ್ತು ಅಂತ ಕಾಣುತ್ತೆ, ಓಡ್ತಿರಲಿಲ್ಲ.

ಮೆಟ್ಟಿಲ ಮೇಲೆ ಊರುಗೋಲಿನವನೊಬ್ಬ ಸುಧಾರಿಸ್ಕೊಳ್ತಾ ಕೂತಿದ್ದ. "ಹತ್ತೋದಾ ಬೇಡ್ವಾ ಯೋಚ್ನೆ ಮಾಡ್ತಿದ್ದೀನಿ ಅಜ್ಜಿ" ಅಂದ. "ಹತ್ತಿದ್ರೆ ಕಾಲು ಚೆನ್ನಾಗೈತೆ ಅಂತಾರೆ. ಹತ್ತದಿದ್ರೆ ಗೈರುಹಾಜರು ಅಂತಾರೆ."

ಸೊಪ್ಪಿಗೆ ಸಾಕ್ಷಿ

ಕಂಪನಿ ಲಾಯರು ಕೇಳಿದರು, "ಸೊಪ್ಪು ಮಾರ್ತಿದ್ರಿ ಅನ್ನೋದಕ್ಕೆ ಏನು ಪುರಾವೆ? ರಸೀದಿ ಕೊಡ್ತಿದ್ರಾ?"

"ಸ್ವಾಮಿ, ಕೊತ್ತಂಬರಿ ಕೊಂಡು, ಕರಿಬೇವು ಸುಮ್ನೆ ಹಾಕು ಅನ್ನೋರು ರಸೀದಿ ಎಲ್ಲಿ ಕೇಳ್ತಾರೆ?"

ಕೊಂಡವರು ಯಾರಾದ್ರೂ ಬಂದು ಸಾಕ್ಷಿ ಹೇಳಿದ್ರೂ ಆಗುತ್ತೆ ಅಂದರು ನಮ್ಮ ಲಾಯರು. ಇಲ್ಲೇ ನಮ್ಮ ಕಡೆಯ ಸಿಂಗಾಪುರ ಲೇಔಟಿನ ಒಂದು ಅಪಾರ್ಟ್‌ಮೆಂಟಿನ ಅಮ್ಮ ವರ್ಷಾನುಗಟ್ಟಲೆ ನನ್ನ ಹತ್ತಿರವೇ ಕೊಂಡವರು. ಕುಂಟ್ಕೊಂಡು ಅವರ ಗೇಟಿಗೆ ಹೋದೆ. ಅವರೇ ಇಳಿದು ಬಂದರು.

"ಎಲ್ಲಿ ಹೋಗಿದ್ರಿ ಅಜ್ಜಿ? ನಿಮ್ಮ ಸೊಪ್ಪು ಇಲ್ದೆ ನಮ್ಮನೇಲಿ ಬಸ್ಸಾರೇ ನಿಂತೋಗಿದೆ!"

"ಈ ಮಾತನ್ನೇ ಕೋರ್ಟಿಗೆ ಬಂದು ಹೇಳ್ತೀರಾ ತಾಯಿ?"

"ಕೋರ್ಟಾ? ಅಯ್ಯೋ, ನೀವು ಯಾರು ಅಂತಾನೇ ನಂಗೆ ಸರಿಯಾಗಿ ಗೊತ್ತಿಲ್ವಲ್ಲ!"

ತಿರುಗಿ ಹೊರಟೆ. ಹಿಂದಿನಿಂದ ಕೂಗಿದರು, "ಅಜ್ಜೀ, ಕಾಲು ವಾಸಿ ಆದ್ಮೇಲೆ ಫಸ್ಟು ನಮ್ಮನೆಗೇ ಬರ್ಬೇಕು!"

ಮದುವೆ ಫೋಟೋ

ಕೇಸು ನಡೀತಿರೋವಾಗಲೇ ಟ್ಯಾಂಕರ್ ಯಜಮಾನನ ಮಗಳ ಮದುವೆ ಬಂತು. ಅವನ ಹೆಂಡತಿ ಅರಿಶಿನ ಕುಂಕುಮ ಇಟ್ಟು ಕರೆದಳು. ನಮ್ಮೂರಲ್ಲಿ ಸೋಬಾನೆ ಹೇಳೋಕೆ ಉಳಿದಿರೋಳು ನಾನೊಬ್ಬಳೇ. ಕುಂಕುಮ ಹಚ್ಚಿಸ್ಕೊಂಡು ಹೋಗದೆ ಇರೋಕಾಗುತ್ತಾ? ಹೋದೆ, ಕುರ್ಚೀಲಿ ಕೂತು ಹಾಡಿದೆ. ಅಕ್ಷತೆ ಹಾಕೋವಾಗ ಇಬ್ಬರು ಹೆಂಗಸರು ರಟ್ಟೆ ಹಿಡಿದು ಎತ್ತಿ ನಿಲ್ಲಿಸಿದರು. ಯಜಮಾನ ಪಂಕ್ತೀಲಿ ನನ್ನ ಮುಂದೆ ನಿಂತು, "ದೊಡ್ಡಮ್ಮಂಗೆ ಇನ್ನೊಂದು ಓಳಿಗೆ ಆಕ್ರೋ" ಅಂತ ಬಲವಂತ ಮಾಡಿದ. ಅದೇ ಮನುಷ್ಯ ಕೋರ್ಟಲ್ಲಿ, "ಅಜ್ಜಿಯೇ ಟ್ಯಾಂಕರಿಗೆ ಅಡ್ಡ ಬಂದರು" ಅಂತ ಹೇಳಿಕೆ ಕೊಟ್ಟಿದ್ದ.

ಆ ಅಕ್ಷತೆ ಫೋಟೋ ಕಂಪನಿ ಲಾಯರ ಕೈಗೆ ಸಿಕ್ತು. ಅದರಲ್ಲಿ ನಾನಿದ್ದೆ, ನನ್ನನ್ನ ಹಿಡಿದಿದ್ದ ಹೆಂಗಸರು ಇರಲಿಲ್ಲ. "ನೋಡಿ, ನೆಟ್ಟಗೆ ನಿಂತಿದ್ದಾರೆ. ಈ ಕಾಲಿಗೆ ಏನೂ ಆಗಿಲ್ಲ. ಗಾಡಿ ಓನರೂ ಇವರೂ ಸೇರ್ಕೊಂಡು ಕಂಪನಿಗೆ ಟೋಪಿ ಹಾಕ್ತಿದ್ದಾರೆ" ಅಂದರು.

ಜಡ್ಜಮ್ಮ ನನ್ನ ಕಡೆ ತಿರುಗಿದರು. "ಯಾರ ಮೇಲೆ ಕೇಸು ಹಾಕಿದ್ರೋ ಅವರ ಮನೆ ಮದುವೆಗೇ ಹೋಗಿದ್ದೀರಲ್ಲಮ್ಮ?"

"ಗುದ್ದಿದ್ದು ಟ್ಯಾಂಕರು ತಾಯಿ" ಅಂದೆ, "ಮದುವೆ ಹೆಣ್ಣಲ್ಲ."

ರಾಜಿ

ಕೊನೆಗೆ ನಮ್ಮ ಲಾಯರೇ ಸೋತು ಹೋದರು. "ಅಜ್ಜಿ, ಹೀಗೇ ಎಳೆದ್ರೆ ಇನ್ನೂ ವರ್ಷಗಟ್ಟಲೆ ಆಗುತ್ತೆ. ಲೋಕ ಅದಾಲತ್ತಲ್ಲಿ ರಾಜಿ ಮಾಡ್ಕೊಳ್ಳೋಣ."

"ತಪ್ಪು ಯಾರದ್ದು ಅಂತ ಅದ್ರಲ್ಲಿ ಬರೀತಾರಾ?"

"ರಾಜಿ ಅಂದ್ರೆ ತಪ್ಪು ಯಾರದ್ದೂ ಅಲ್ಲ ಅಜ್ಜಿ."

"ಅಂಗಾದ್ರೆ ಈ ರಾಡು ನನ್ನ ಕಾಲಲ್ಲಿ ತಾನಾಗೇ ಬೆಳ್ಕೊಂತಾ?"

ಎಲ್ಲರೂ ನಕ್ಕರು. ನಕ್ಕು ಹೆಬ್ಬೆಟ್ಟು ಒತ್ತಿಸ್ಕೊಂಡರು. ಕೇಳಿದ್ದರಲ್ಲಿ ಕಾಲು ಭಾಗವೂ ಬರಲಿಲ್ಲ. ಯಜಮಾನ ಕೈ ಮುಗಿದ. ಕಂಪನಿ ಲಾಯರು ಕೋಟು ಕೊಡವಿಕೊಂಡರು. ಸೊಸೆ ಆಟೋ ಹಿಡಿಯೋಕೆ ಮುಂದೆ ಹೋದಳು. ನಾನು ಕಂಬಿ ಹಿಡಿದು, ಮಡಚದ ಕಾಲನ್ನ ಮುಂದಿಟ್ಟು, ಒಂದೊಂದೇ ಮೆಟ್ಟಿಲು ಇಳೀತಿದ್ದೆ.

ಹಿಂದಿನಿಂದ ಯಾರೋ ಓಡಿ ಬಂದು ನನ್ನ ತೋಳು ಹಿಡಿದರು. ನೋಡಿದ್ರೆ ಕಂಪನಿ ಲಾಯರು!

"ಅಯ್ಯೋ ಅಜ್ಜಿ, ಒಬ್ರೇ ಇಳೀಬೇಡಿ! ಆ ಕಾಲು ಮಡಚೋಕೇ ಆಗಲ್ಲ ನಿಮಗೆ. ಬಿದ್ದುಬಿಟ್ಟೀರಿ, ಜೋಪಾನ!"

ನಾನು ಅಲ್ಲೇ ನಿಂತುಬಿಟ್ಟೆ.

"ಸ್ವಾಮಿ, ಇದೇ ಮಾತನ್ನ ಮೇಲೆ ಹೋಗಿ ಒಂದ್ಸಲ ಜೋರಾಗಿ ಹೇಳಿ ಬಂದ್ಬಿಡಿ. ಅಲ್ಲೀತನಕ ಇಲ್ಲೇ ನಿಂತಿರ್ತೀನಿ. ನನಗೆ ನಿಲ್ಲೋಕೆ ಚೆನ್ನಾಗಿ ಬರುತ್ತೆ, ನಿಮ್ಮ ಹತ್ರ ಫೋಟೋನೇ ಇದ್ಯಲ್ಲ."